ಸುಣ್ಣದ ಗೋಡೆಯ ಚಿತ್ತಾರ

ದೀಪಾವಳಿ ಕಳೆದ ಕೂಡಲೇ ನನ್ನನ್ನು ಶಾಲೆ ಬಿಡಿಸುವುದೆಂದು ಅವ್ವ ಹೇಳಿಯಾಗಿತ್ತು. ಅವಳು ಕೊಯ್ಲಿಗೆ ಹೋದರೆ ತೊಟ್ಟಿಲ ಕೂಸನ್ನು ನಾನು ನೋಡಿಕೊಳ್ಳಬೇಕು. ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ಹೊಸನಗರದ ಹತ್ತಿರದ ನಮ್ಮೂರ ಶಾಲೆಯಲ್ಲಿ ನಾನು ಮೂರನೇ ಕ್ಲಾಸು, ಮಗ್ಗಿ ತಲೆಗೆ ಹತ್ತದ ಹುಡುಗಿ. ನಾನು ಶಾಲೆ ಬಿಟ್ಟರೆ ಅಳುವವಳು ನಾನೊಬ್ಬಳೇ.

ಆ ವರ್ಷ ತೀರ್ಥಹಳ್ಳಿ ಕಡೆಯಿಂದ ಹೊಸ ಮೇಷ್ಟ್ರು ಬಂದಿದ್ದರು. ಕೈಕೆಲಸವೆಂದು ತಕಲಿ ತಿರುಗಿಸಿ ನೂಲು ತೆಗೆದು ನಮಗೆಲ್ಲ ಬೇಜಾರಾಗಿತ್ತು. ಒಂದು ದಿನ ಲೆಕ್ಕ ಮಾಡಬೇಕಾದ ಸ್ಲೇಟಿನಲ್ಲಿ ನಾನು ಹಸೆ ಚಿತ್ತಾರ ಬರೆಯುತ್ತಾ ಕೂತಿದ್ದೆ. ನಮ್ಮವರ ಮದುವೆಯಲ್ಲಿ ಹೆಂಗಸರು ಗೋಡೆಗೆ ಬರೆಯುವ ಚಿತ್ತಾರ ಅದು. ಮೇಷ್ಟ್ರು ಹಿಂದೆ ಬಂದು ನಿಂತರು. ಬೆನ್ನಿಗೆ ಬಿತ್ತೆಂದು ಕಣ್ಣು ಮುಚ್ಚಿದೆ. ಅವರು ಸ್ಲೇಟನ್ನು ಎತ್ತಿ ಎಲ್ಲರಿಗೂ ತೋರಿಸಿದರು.

"ಇದನ್ನ ನಮ್ ಶಾಲೆ ಗೋಡೆಗೇ ಬರಿಯೋಣ್ವಾ? ನೀನೇ ಹೇಳ್ಕೊಡು."

ಜಂಬ ಬಂದರೆ ಬುದ್ಧಿ ಎಲ್ಲಿಗೆ ಹೋಗುತ್ತದೋ! ಮೇಷ್ಟ್ರ ಮನೆ ಒರಳಲ್ಲಿ ಬಣ್ಣಕ್ಕೆಂದು ಅಕ್ಕಿ ಅರೆದೆ, ಪುಂಡಿ ನಾರಿನ ಕುಂಚ ಕಟ್ಟಿಕೊಟ್ಟೆ, ನಾವು ಗೇಣಿಗೆ ಮಾಡುತ್ತಿದ್ದ ಗದ್ದೆಯ ಒಡೆಯರ ಮಗಳನ್ನೂ ಗದರಿದೆ. ಬೆಳಗ್ಗೆಯೆಲ್ಲ ಗೆರೆ ಎಳೆದೆವು. ಊಟ ಮಾಡಿ ಬರುವಷ್ಟರಲ್ಲಿ ಹಿಟ್ಟು ಒಣಗಿ ಒಂದು ಗೆರೆಯೂ ಕಾಣುತ್ತಿರಲಿಲ್ಲ. ಸುಣ್ಣ ಬಳಿದ ಗೋಡೆಗೆ ಬಿಳಿ ಹಿಟ್ಟು! ನಮ್ಮ ಮನೆ ಗೋಡೆ ಯಾವಾಗಲೂ ಕೆಂಪಗಿರುತ್ತಿತ್ತು. ಅದನ್ನು ಅವ್ವ ಮೊದಲೇ ಕೆಂಪು ಮಾಡಿರುತ್ತಾಳೆ ಎನ್ನುವುದು ನನಗೆ ಹೊಳೆದೇ ಇರಲಿಲ್ಲ. ಮಕ್ಕಳೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೇಷ್ಟ್ರು ಮಾತ್ರ, "ನಾಳೆ ಅವ್ವನ್ನ ಕರ್ಕಂಡ್ ಬಾ" ಎಂದರು. ಬೈಯದೆ ಹಾಗೆಂದ ಅವರನ್ನು ಇವತ್ತಿಗೂ ಕೈ ಮುಗಿದೇ ನೆನೆಯುತ್ತೇನೆ.

ಅವ್ವ ಸೊಂಟದಲ್ಲಿ ಕೂಸು, ತಲೆಯ ಮೇಲೆ ಕೆಮ್ಮಣ್ಣಿನ ಬುಟ್ಟಿ ಹೊತ್ತು ಬಂದು ಬಾಗಿಲಲ್ಲೇ ನಿಂತಳು. ಶಾಲೆಯ ಹೊಸಿಲನ್ನು ಅವಳು ದಾಟಿದವಳೇ ಅಲ್ಲ.

"ಒಳಗ್ ಬನ್ನಿ ಅಮ್ಮ, ಇವತ್ತು ನೀವೇ ಮೇಷ್ಟ್ರು" ಎಂದರು ಮೇಷ್ಟ್ರು.

"ಬಿಳೀ ಗೋಡೆಗೆ ಹಿಟ್ಟು ಬಳಿದ್ಯಂತಲ್ಲೇ ಮಾರಾಯ್ತಿ" ಎಂದು ನನ್ನನ್ನು ತಿವಿದು ಅವ್ವ ಕೆಲಸಕ್ಕೆ ನಿಂತಳು. ಕೆಮ್ಮಣ್ಣು ಬಳಿದು, ಅದು ಒಣಗಿದ ಮೇಲೆ ನಮ್ಮ ಕೈಯಲ್ಲಿ ಗೆರೆ ಎಳೆಸಿದಳು. "ಮೂರು ಎಳೆ, ಮೂರು ಸಲ. ಎಷ್ಟಾತು?" ಒಂಬತ್ತು ಎಂದು ಮೊದಲು ಕೂಗಿದವಳು ನಾನು! ನನಗೆ ಮಗ್ಗಿ ಬಂದಿದ್ದು ಆ ಗೋಡೆಯಲ್ಲಿ.

ಕೊನೆಗೆ ಮೇಷ್ಟ್ರು ಪ್ರತಿ ಚಿತ್ತಾರದ ಕೆಳಗೆ ಅವ್ವ ಹೇಳಿದ ಹೆಸರನ್ನು ನನ್ನಿಂದ ಬರೆಸಿದರು. ಓದು ಬಾರದ ಅವ್ವ ಒಂದು ಹೆಸರಿನ ಮೇಲೆ ಬೆರಳಿಟ್ಟಳು.

"ಇದು ಎಂತದೇ?"

"ಜೋಗಿಜಡೆ ಅಂತ ಬರ್ದಿದೀನಿ."

"ನಾನ್ ಹೇಳಿದ್ದೇಯಾ?"

"ಹೂಂ, ನೀ ಹೇಳಿದ್ದೇ."

ಅವ್ವ ಬಹಳ ಹೊತ್ತು ಬೆರಳು ತೆಗೆಯಲಿಲ್ಲ.

ದೀಪಾವಳಿ ಕಳೆಯಿತು. ಕೊಯ್ಲು ಶುರುವಾದ ಬೆಳಿಗ್ಗೆ ನಾನು ಸ್ಲೇಟನ್ನು ಹುಲ್ಲಿನ ಮಾಡಿಗೆ ಸಿಕ್ಕಿಸಿ ತೊಟ್ಟಿಲ ಹತ್ತಿರ ಕೂತೆ. ಅವ್ವ ಕತ್ತಿ ತೆಗೆದುಕೊಂಡಳು, ಕೂಸನ್ನು ತಾನೇ ಬೆನ್ನಿಗೆ ಕಟ್ಟಿಕೊಂಡಳು. ಹೊರಟವಳು ಬಾಗಿಲಲ್ಲಿ ತಿರುಗಿ ನನ್ನನ್ನು ಗದರಿದಳು.

"ಎಂತ ಕೂತ್ಯೇ? ಶಾಲೆ ಗಂಟೆ ಹೊಡದದ್ದು ಕೇಳಿಲ್ವಾ?"