ಕೈ ಎತ್ತಿದರೆ ಮಾತಿಲ್ಲ

ಮೊನ್ನೆ ಆಳಂದದ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಕಂಡಕ್ಟರ್ ಅಂಗೈ ಎತ್ತಿದ. ಹಿಂದಕ್ಕೆ ಬರುತ್ತಿದ್ದ ಬಸ್ಸಿನ ಡ್ರೈವರನಿಗೆ ನಿಲ್ಲು ಅನ್ನುವ ಸನ್ನೆ, ಅಷ್ಟೇ. ಅದೇ ಹೊತ್ತಿಗೆ ಕಲಬುರಗಿ ಬಸ್ಸಿನಿಂದ ಇಳಿದು ನನ್ನ ಕಡೆ ಬಂದ ನಮ್ಮವ್ವ "ಆಯಿ ಹೆಂಗ..." ಅಂತ ಬಾಯಿ ತೆಗೆದವಳು, ಆ ಕೈ ಕಂಡ ಕೂಡಲೇ ಮಾತು ನುಂಗಿ, ತನ್ನ ಬಲಗೈಯನ್ನೂ ಎತ್ತಿ ನಿಂತುಬಿಟ್ಟಳು. ಎಡಗೈಯಲ್ಲಿ ಸೂಟ್‌ಕೇಸು. ಬಾಳೆಹಣ್ಣಿನ ಗಾಡಿಯವನು ಗಿರಾಕಿ ಕರೆಯುತ್ತಿದ್ದಾಳೆ ಅಂದುಕೊಂಡು ಒಂದು ಡಜನ್ ಮುರಿದೇ ಬಿಟ್ಟ.

ನಗಬೇಡಿ ಅನ್ನುವುದಿಲ್ಲ, ನಗಿರಿ. ಬೇರೆ ದಿನವಾಗಿದ್ದರೆ ಇದನ್ನು ನಾನೇ ಕಾಲೇಜಿನಲ್ಲಿ ಹೇಳುತ್ತಿದ್ದೆ. ಬಸ್ಸಿನ ತುಂಬ ಇದ್ದ ಮಂದಿಯೂ ಕೈ ಎತ್ತಿದರು, ಸ್ಟ್ಯಾಂಡಿನ ಆಕಳು ಒಂದು ಕಾಲು ಎತ್ತಿತು ಎಂದು ಸೇರಿಸುತ್ತಿದ್ದೆ. ಒಂದಕ್ಕೆ ನಾಲ್ಕು ಸೇರಿಸುವುದು ನನ್ನ ಕಸುಬು; ಪಿಯುಸಿ ಸೈನ್ಸ್ ಬಿಡುವಿದ್ದಾಗ ಮಾಡುವ ಸಣ್ಣ ಕೆಲಸ. ಆದರೆ ಆ ದಿನ ನನ್ನನ್ನು ಒಂದೇ ಒಂದು ವಾಕ್ಯ ಹೇಳಲು ಕಳಿಸಿದ್ದರು. ಅದಕ್ಕೆ ಏನನ್ನೂ ಸೇರಿಸುವಂತಿರಲಿಲ್ಲ.

ಆಯಿ, ಅಂದರೆ ಅವ್ವನ ಅವ್ವ, ಮುಂಜಾನೆ ತೀರಿಕೊಂಡಿದ್ದಳು. ಅವಳಿಗೆ ಹುಷಾರಿಲ್ಲ ಎಂದು ಕೇಳಿ, ಅವಳನ್ನು ಜೀವಂತ ನೋಡಲೆಂದೇ ಅವ್ವ ಹೊರದೇಶದ ತನ್ನ ಶಾಲೆಯಿಂದ ಓಡಿ ಬರುತ್ತಿದ್ದಳು. ಅಲ್ಲಿಯ ಸಿಮ್ಮು ಇಲ್ಲಿ ನಡೆಯುವುದಿಲ್ಲ, ಇಲ್ಲಿಯದು ಬಂದಾಗಿ ಎಷ್ಟೋ ದಿನ. ದಾರಿಯಲ್ಲಿ ಅವಳಿಗೆ ಏನೂ ಗೊತ್ತಾಗಿರಲಿಲ್ಲ. ಆಯಿಯ ಊರು ಮಟಕಿಯಲ್ಲಿ ಅವಳನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಹಣೆ ತುಂಬ ವಿಭೂತಿ ಹಚ್ಚಿ, ಕೂಡಿಸಿಯೇ ಮಣ್ಣು ಕೊಡುತ್ತಾರೆ. ಅಪ್ಪ ಆ ತಯಾರಿಯಲ್ಲಿದ್ದ. "ನೀ ಮಾತಾಡಾಕಿ ಅದಿ, ನೀನ ಹೋಗಿ ಹೇಳು" ಅಂದ. ಹುಟ್ಟಿದಾಗಿನಿಂದ ಬಾಯಿ ಮುಚ್ಚು ಅಂದವನು, ಮೊದಲ ಸಲ ನನ್ನ ಬಾಯಿಗೆ ಕೆಲಸ ಕೊಟ್ಟಿದ್ದ.

ಆ ವಾಕ್ಯಕ್ಕೆ ಬರುತ್ತೇನೆ. ಮೊದಲು ಕೈಯ ಕಥೆ ಕೇಳಿ.

ಈ ಕೈ ನಮ್ಮ ಮನೆಗೆ ಬಂದದ್ದು ಮಾಮಾನ ಲಗೇಜಿನ ಜೊತೆ. ಮಾಮಾ ಅವ್ವನ ಅಣ್ಣ. ಅಫಜಲಪುರದ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದವನು, ನನಗೆ ಮೂಗು ಒರೆಸಿಕೊಳ್ಳಲು ಬಾರದ ಕಾಲದಲ್ಲಿ ಕೊಲ್ಲಿ ದೇಶದ ಒಂದು ಇಂಟರ್‌ನ್ಯಾಷನಲ್ ಸ್ಕೂಲಿಗೆ ಹೋದ. ಹೋಗುವಾಗ ಅವನ ದನಿ ಹೇಗಿತ್ತೆಂದರೆ, ಅಫಜಲಪುರದಲ್ಲಿ ಲೆಕ್ಕ ಹೇಳಿದರೆ ಭೀಮಾ ನದಿಯ ಆಚೆ ದಂಡೆಯ ಎಮ್ಮೆಗಳಿಗೂ ಉತ್ತರ ಬರುತ್ತಿತ್ತು. ರಜೆಗೆ ಬಂದಾಗ ಪಿಸುಮಾತು. ಆ ಶಾಲೆಯಲ್ಲಿ ಮಾಸ್ತರು ಒದರುವಂತಿಲ್ಲವಂತೆ. ಗದ್ದಲವಾದರೆ ಸುಮ್ಮನೆ ಅಂಗೈ ಎತ್ತಬೇಕು. ಕಂಡವರು ಬಾಯಿ ಮುಚ್ಚಿ ತಮ್ಮ ಕೈಯನ್ನೂ ಎತ್ತಬೇಕು. ಎಲ್ಲ ಕೈ ಮೇಲಿದ್ದಾಗ ಮಾಸ್ತರು ಮಾತಾಡಬೇಕು. ಮಕ್ಕಳಿಗಷ್ಟೇ ಅಲ್ಲ, ಮಾಸ್ತರರ ಮೀಟಿಂಗಿಗೂ ಅದೇ ಕಾಯಿದೆ.

ಅಲ್ಲಿ "ತಪ್ಪು" ಅನ್ನುವ ಶಬ್ದವನ್ನೂ ಆಡುವಂತಿಲ್ಲ. ನಾನು ಅವನ ಬಿಳಿ ಪ್ಯಾಂಟಿನ ಮೇಲೆ ಪುಂಡಿಪಲ್ಯ ಚೆಲ್ಲಿದಾಗ ಮಾಮಾ ಕಣ್ಣು ಮುಚ್ಚಿ, ಉದ್ದಕ್ಕೆ ಉಸಿರೆಳೆದು, ಮುಂದಿನ ಸಲ ಇದನ್ನು ನಾವಿಬ್ಬರೂ ಕೂಡಿ ಬೇರೆ ಹೇಗೆ ಮಾಡಬಹುದು ಎಂದು ಕೇಳಿದ. ಮುಂದಿನ ಸಲ ಅಂಗಿಯ ಮೇಲೆ ಚೆಲ್ಲಬಹುದು ಅಂದೆ. ಅವನ ಹಳೆಯ ದನಿ ಗಂಟಲಿನವರೆಗೆ ಬಂದು, ಬಾಗಿಲು ತಟ್ಟಿ, ವಾಪಸ್ ಹೋದದ್ದು ನನಗೆ ಕಂಡಿತು.

ಅದೇ ಶಾಲೆಗೆ ಮಾಮಾ ಜೇವರ್ಗಿಯ ನೀಲಕ್ಕನನ್ನೂ ಸೇರಿಸಿದ್ದ. ನೀಲಕ್ಕ ಅವ್ವನ ಬಿ.ಎಡ್. ಗೆಳತಿ, ರಸಾಯನಶಾಸ್ತ್ರದವಳು. ಮಳೆಗಾಲದಲ್ಲಿ ಆ ಶಾಲೆಗೆ ರಜೆ. ಇಬ್ಬರೂ ಊರಿಗೆ ಬಂದವರು ನಮ್ಮ ಆಳಂದದ ಮನೆಯ ಪಡಸಾಲೆಯಲ್ಲಿ ಕೂತು ಜಗಳ ಆಡುವುದು ನಮಗೆ ಒಂದು ಹಬ್ಬ. ಒಂದು ಕ್ಲಾಸಿಗೆ ಇಪ್ಪತ್ತೇ ಹುಡುಗರು, ಇಲೆಕ್ಷನ್ ಡ್ಯೂಟಿ ಇಲ್ಲ, ಮನೆಮನೆಗೆ ಹೋಗಿ ಮಂದಿಯನ್ನು ಎಣಿಸುವುದಿಲ್ಲ, ಅಲ್ಲಿ ಮಾಸ್ತರು ಮಾಸ್ತರಾಗಿರಬಹುದು ಎಂದು ಮಾಮಾ. ಅಲ್ಲಿ ಎರಡು ಸ್ಟಾಫ್ ರೂಮುಗಳಿವೆ, ಕಿಟಕಿ ಇರುವುದು ಬಿಳಿಯರಿಗೆ, ಮೆಟ್ಟಿಲ ಕೆಳಗೆ ಝೆರಾಕ್ಸ್ ಮಷೀನಿನ ಪಕ್ಕದ್ದು ನಮ್ಮವರಿಗೆ, ಕಲಿಸುವುದು ಮಾತ್ರ ಒಂದೇ ಪುಸ್ತಕ ಎಂದು ನೀಲಕ್ಕ. ಕಿಟಕಿ ನೋಡಲು ಹೋಗಿದ್ದೀಯೋ, ಪಾಠ ಹೇಳಲೋ ಎಂದು ಮಾಮಾ. ಅಲ್ಲಿ ನನ್ನ ಹೆಸರನ್ನು ಅರ್ಧ ಕತ್ತರಿಸಿ ಕರೆಯುತ್ತಾರೆ ಎಂದು ನೀಲಕ್ಕ. ಇಲ್ಲಿ ಹೆಸರೇ ಹಿಡಿಯುವುದಿಲ್ಲ, "ಏ ಟೀಚರ" ಅನ್ನುತ್ತಾರಲ್ಲ ಎಂದು ಮಾಮಾ. ನಡುವೆ ಅವ್ವ ಇಬ್ಬರಿಗೂ ರೊಟ್ಟಿ ಹಾಕುತ್ತ, ಅಲ್ಲಿಯ ಲ್ಯಾಬಿನ ಬಗ್ಗೆ ಮಾತ್ರ ಕೇಳುತ್ತಿದ್ದಳು.

ಅದಕ್ಕೆ ಕಾರಣವಿತ್ತು. ಅವ್ವ ಕಲಿಸುತ್ತಿದ್ದ ಶಾಲೆಯಲ್ಲಿ ಲ್ಯಾಬ್ ಅಂದರೆ ಒಂದು ಕಬ್ಬಿಣದ ಅಲಮಾರಿ. ಅದರ ಬೀಗದ ಕೈ ಹಿಂದಿನ ಹೆಡ್‌ಮಾಸ್ತರ್ ಜೊತೆ ನಿವೃತ್ತಿಯಾಗಿ ಹೋಗಿತ್ತು. ಆಮ್ಲದಲ್ಲಿ ಲಿಟ್ಮಸ್ ಕೆಂಪಾಗುವುದನ್ನು ಅವ್ವ ಬೋರ್ಡಿನ ಮೇಲೆ ನೀಲಿ ಸೀಮೆಸುಣ್ಣ ಉಜ್ಜಿ, ಅದರ ಮೇಲೆ ಕೆಂಪು ಉಜ್ಜಿ ತೋರಿಸುತ್ತಿದ್ದಳು. ಅವಳ ಕೈಯಲ್ಲಿ ಪಾಸಾದ ಅರ್ಧ ಆಳಂದ ಇವತ್ತಿಗೂ ಆಮ್ಲ ಅಂದರೆ ಸೀಮೆಸುಣ್ಣ ಅಂದುಕೊಂಡಿದೆ.

ನಾನು ಏಳನೆಯ ಕ್ಲಾಸಿನಲ್ಲಿದ್ದಾಗ ಆ ಶಾಲೆಯಿಂದ ಅವ್ವನಿಗೂ ಕರೆ ಬಂತು. ಖಾಲಿಯಾದದ್ದು ನೀಲಕ್ಕನ ಜಾಗವೇ; ಅವಳು ಅಷ್ಟರಲ್ಲಿ ಕೆಲಸ ಬಿಟ್ಟು ಜೇವರ್ಗಿಗೆ ಬಂದುಬಿಟ್ಟಿದ್ದಳು. ಮಾಮಾ ಅವ್ವನನ್ನು ಕರೆದೊಯ್ಯಲು ಬಂದ ದಿನ, ನೀಲಕ್ಕ ಅವಳನ್ನು ತಡೆಯಲೆಂದೇ ಬಂದಳು. ನಾನು ಹಬ್ಬಕ್ಕೆ ತಯಾರಾಗಿ ಶೇಂಗಾ ಹಿಡಿದು ಮೂಲೆಯಲ್ಲಿ ಕೂತೆ. ಹಬ್ಬ ಆಗಲಿಲ್ಲ.

"ಅಣ್ಣಾರ, ಅಕಿನ್ನ ಕರಕೊಂಡು ಹೋಗ್ರಿ. ಆದ್ರ ನಮ್ಮವ್ವನ ಸುದ್ದಿ ಹೇಳಿ ಕರಕೊಂಡು ಹೋಗ್ರಿ," ಅಂದಳು ನೀಲಕ್ಕ.

ಮಾಮಾ ಚಹಾದ ಕಪ್ಪಿನೊಳಗೆ ನೋಡಿದ. ನೀಲಕ್ಕನೇ ಹೇಳಿದಳು. ಜೇವರ್ಗಿಯಲ್ಲಿ ಅವಳ ಅವ್ವ ಹಾಸಿಗೆ ಹಿಡಿದಾಗ ಶಾಲೆಯಲ್ಲಿ ಇನ್ಸ್‌ಪೆಕ್ಷನ್ ವಾರ. ರಜೆ ಕೊಡಬೇಕಾದವನು ವಿಜ್ಞಾನ ಮತ್ತು ಗಣಿತ ವಿಭಾಗದ ಮುಖ್ಯಸ್ಥ, ಅಂದರೆ ನಮ್ಮ ಮಾಮಾ. ವಾರ ಮುಗಿಯಲಿ ಅಂದ. ಮೀಟಿಂಗಿನಲ್ಲಿ ಅವಳು ಎದ್ದು ನಿಂತು ಎಲ್ಲರೆದುರು ಮತ್ತೆ ಕೇಳಿದಳು. ಮಾಮಾ ಅಂಗೈ ಎತ್ತಿದ. ಅವಳ ಬಾಯಿ ಮುಚ್ಚಿತು, ಅವಳ ಕೈಯೂ ಮೇಲೆ ಹೋಯಿತು, ಸುತ್ತ ಎಲ್ಲರ ಕೈಗಳೂ ಮೇಲೆ ಹೋದವು. ಮಾಮಾ ಮುಂದಿನ ವಿಷಯ ಎತ್ತಿಕೊಂಡ. ಮರುದಿನ ಜೇವರ್ಗಿಯಲ್ಲಿ ಮಣ್ಣಾಯಿತು.

"ಅಣ್ಣಾ, ಖರೇ ಏನು?" ಅವ್ವ ಕೇಳಿದಳು.

"ಒಬ್ಬಾಕಿಗೆ ಬಿಟ್ರ ಎಲ್ಲಾರೂ ಕೇಳ್ತಾರ. ನಮ್ಮ ಮಂದಿ ಕೆಲಸ ಬಿಟ್ಟು ಓಡ್ತಾರ ಅಂತ ಮೊದಲ ಅವರ ಬಾಯಾಗ ಅದ. ಅಲ್ಲಿ ನಮ್ಮವರು ಉಳೀಬೇಕಂದ್ರ ಯಾರರ ಗಟ್ಟಿ ನಿಲ್ಲಬೇಕು," ಅಂದ ಮಾಮಾ. ಆಮೇಲೆ ಪಿಸುದನಿಯಲ್ಲೇ, "ನಮ್ಮವ್ವ ಆಗಿದ್ರೂ ನಾ ಹಂಗ ಮಾಡ್ತಿದ್ದೆ" ಅಂದ.

"ನಿಮ್ಮವ್ವ ಇನ್ನೂ ಅದಾಳ್ರಿ. ಅದಕ್ಕ ಹಂಗಂತೀರಿ," ಅಂದಳು ನೀಲಕ್ಕ.

ಆಮೇಲೆ ಮೂವರೂ ಒಮ್ಮೆಲೇ ಮಾತಾಡತೊಡಗಿದರು. ಅಪ್ಪನೂ ಒಳಗಿನಿಂದ ಬಂದು ಯಾರೂ ಕೇಳದ ಒಂದು ಮಾತು ಹೇಳಿದ. ಆ ಗದ್ದಲದ ನಡುವೆ ಮಾಮಾನ ಅಂಗೈ ಮೇಲೆದ್ದಿತು. ಬೇಕಂತ ಎತ್ತಿದನೋ, ರೂಢಿಯೋ, ನನಗೆ ಇವತ್ತಿಗೂ ಗೊತ್ತಿಲ್ಲ. ನೀಲಕ್ಕ ಅರ್ಧ ಮಾತಿಗೆ ನಿಂತಳು. ನಮ್ಮ ಪಡಸಾಲೆಯಲ್ಲಿ, ಕೆಲಸ ಬಿಟ್ಟು ಬಂದವಳ ಬಲಗೈ ತಾನಾಗಿಯೇ ಮೇಲೆ ಹೋಯಿತು.

ನನಗೆ ನಗು ಬಂತು. ಶೇಂಗಾ ಮೂಗಿಗೆ ಏರುವಷ್ಟು ನಕ್ಕೆ. ಉಳಿದವರು ಯಾರೂ ನಗಲಿಲ್ಲ. ನೀಲಕ್ಕ ತನ್ನ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡಿದಳು. ಎಡಗೈಯಿಂದ ಅದರ ಮಣಿಕಟ್ಟು ಹಿಡಿದು ಕೆಳಗೆ ಇಳಿಸಿದಳು. ಚಹಾ ಅಲ್ಲೇ ಬಿಟ್ಟು, ಚೀಲ ಎತ್ತಿಕೊಂಡು ಬಸ್ಸಿಗೆ ಹೋದಳು.

ಇಷ್ಟಾದ ಮೇಲೆ ಅವ್ವ ಹೋಗಲಿಕ್ಕಿಲ್ಲ ಅಂದುಕೊಂಡಿರಲ್ಲ? ನಾನೂ ಹಾಗೇ ಅಂದುಕೊಂಡು, ಹೋಗಬೇಡವೆಂದು ಹೂಡಬೇಕಿದ್ದ ಉಪವಾಸ ಸತ್ಯಾಗ್ರಹವನ್ನು ಊಟಕ್ಕೆ ಮೊದಲೇ ಕೈಬಿಟ್ಟೆ. ಅವ್ವ ಹೋದಳು. ಹೋಗುವ ಮೊದಲು ಜೇವರ್ಗಿಗೆ ಫೋನ್ ಮಾಡಿ, "ಒಮ್ಮೆರ ಖರೇ ಆಮ್ಲ ಹಿಡದು ಕಲಿಸಬೇಕು ನೀಲಾ. ನಮ್ಮವ್ವಗ ಏನರ ಆದ್ರ ನಾ ಯಾರನ್ನೂ ಕೇಳಂಗಿಲ್ಲ, ಎದ್ದು ಬರ್ತೇನಿ" ಅಂದಳು.

ಅವ್ವ ಮಾತಿಗೆ ತಪ್ಪಲಿಲ್ಲ. ಆಯಿ ಊಟ ಬಿಟ್ಟಳು ಎಂಬ ಸುದ್ದಿ ಮುಟ್ಟಿದಾಗ, ಈ ಸಲವೂ ಅಲ್ಲಿ ಇನ್ಸ್‌ಪೆಕ್ಷನ್ ಇತ್ತು. ಯಾರನ್ನೂ ಕೇಳದೆ, ಲ್ಯಾಬಿನ ಬೀಗದ ಕೈ ಮಾಮಾನ ಟೇಬಲ್ಲಿನ ಮೇಲಿಟ್ಟು ಎದ್ದು ಬಂದಳು. ಹಾಗೆ ಬಂದವರನ್ನು ಅವರು ಮತ್ತೆ ಸೇರಿಸಿಕೊಳ್ಳುವುದಿಲ್ಲ. ಮಾಮಾ ಬರಲಿಲ್ಲ.

ಆ ಮುಂಜಾನೆ ಅವನಿಗೆ ಸುದ್ದಿ ತಿಳಿಸಿದವಳೂ ನಾನೇ. ಫೋನಿನಲ್ಲಿ ಆಯಿ ಹೋದಳು ಎಂದೆ. ಅವನ ಹಿಂದೆ ಹುಡುಗರ ಗದ್ದಲ ಕೇಳುತ್ತಿತ್ತು.

"ನಿಮ್ಮವ್ವನ ಕ್ಲಾಸ್ ನಾನ ತಗೊಂಡೇನಿ ಅಂತ ಹೇಳು," ಅಂದ. "ಅಕಿ ಕೆಲಸ ಬಿಟ್ಟು ಓಡ್ಯಾಳ ಅನ್ನಾಕ ನಾ ಯಾರಿಗೂ ಬಿಡಂಗಿಲ್ಲ."

ಮತ್ತೆ ಏನೋ ಹೇಳಲು ಹೋದ. ಅಷ್ಟರಲ್ಲಿ ಅವನ ಹಿಂದಿನ ಗದ್ದಲ ಪೂರಾ ನಿಂತಿತು. ಒಂದು ಕುರ್ಚಿಯೂ ಸರಿದ ಸದ್ದಿಲ್ಲ. ಅಲ್ಲಿ ಅವನ ಕೈ ಮೇಲಿದೆ ಎಂದು ನನಗೆ ಗೊತ್ತಾಯಿತು. ಫೋನ್ ಕಟ್ ಮಾಡಿದವಳು ನಾನೇ.

ಈಗ ಬಸ್ ಸ್ಟ್ಯಾಂಡಿಗೆ ಬರೋಣ. ಕಂಡಕ್ಟರ್ ಕೈ ಇಳಿಸಿದ. ಅವ್ವನೂ ನಾಚಿಕೊಂಡು ಇಳಿಸಿದಳು. ಬಾಳೆಹಣ್ಣಿನವನು ಮುರಿದ ಡಜನ್ ಹಿಡಿದು ನಮ್ಮ ಮುಖ ನೋಡುತ್ತಿದ್ದ.

"ಯಾಕ ಬೇ, ಇಷ್ಟ್ಯಾಕ ಸೊರಗೀದಿ?" ಅಂದಳು. ನನ್ನ ಗಲ್ಲ ಮುಟ್ಟಿದಳು. ಆಮೇಲೆ ನಿಂತಿದ್ದ ಮಾತನ್ನು ಮತ್ತೆ ಎತ್ತಿಕೊಂಡಳು. "ಆಯಿ ಹೆಂಗ ಅದಾಳ?"

ದಾರಿಯುದ್ದಕ್ಕೂ ಉರು ಹೊಡೆದಿದ್ದ ವಾಕ್ಯ ಬಾಯಿಗೆ ಬರಲಿಲ್ಲ. ಅವ್ವ ನನ್ನನ್ನೇ ನೋಡುತ್ತ, "ಜ್ವರಾ ಇಳಿದಾವೇನು? ಊಟಾ ಮಾಡಿದಳೇನು? ನಾ ಬರ್ತೇನಂತ ಹೇಳೀರಿಲ್ಲ?" ಎಂದು ಒಂದರ ಹಿಂದೆ ಒಂದು ಕೇಳುತ್ತಲೇ ಇದ್ದಳು. ನಿಲ್ಲಿಸುತ್ತಿರಲಿಲ್ಲ. ನಾನು ಅಂಗೈ ಎತ್ತಿದೆ.

ಅವ್ವ ನಿಂತಳು. ಅವಳ ಕೈಯೂ ಮೇಲೆ ಬಂತು. ಸ್ಟ್ಯಾಂಡಿನ ನಟ್ಟನಡುವೆ ನಾವಿಬ್ಬರೂ ಕೈ ಎತ್ತಿ ನಿಂತಿದ್ದೆವು. ಯಾರಾದರೂ ನಕ್ಕರೋ ಏನೋ, ನಾನು ನೋಡಲಿಲ್ಲ. ನಾನು ನೋಡುತ್ತಿದ್ದದ್ದು ಅವಳ ಮುಖವನ್ನು. ಎಲ್ಲ ಸದ್ದು ನಿಂತ ಮೇಲೆ ಒಂದು ಮಾತು ಹೇಳಬೇಕು, ಅದೇ ಅಲ್ಲವೇ ಕಾಯಿದೆ. ನಾನು ಹೇಳಲಿಲ್ಲ. ಹೇಳದೆಯೇ ಅವಳಿಗೆ ಮುಟ್ಟಿತು.

ಸೂಟ್‌ಕೇಸು ಕೆಳಗಿಟ್ಟು, ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದು, ಅವ್ವ ಅದನ್ನು ಕೆಳಗೆ ಇಳಿಸಿದಳು.

"ಮಣ್ಣು ಆತೇನು?"

"ಇಲ್ಲ. ನಿನ್ನ ಸಲುವಾಗಿ ಕೂಡಿಸ್ಯಾರ."

"ಆಯಿ ಬಾಜೂಕ ಯಾರದಾರ?"

"ನೀಲಕ್ಕ. ನಿನ್ನೆನ ಬಂದಾಳ. ಆಯಿ ಒಂದು ಕಡೆ ವಾಲಾಕತ್ತಾಳ ಅಂತ ಮುಂಜಾನಿಂದ ಹೆಗಲ ಹಿಡಕೊಂಡು ಕುಂತಾಳ."

ಅವ್ವ ಸೂಟ್‌ಕೇಸು ಅಲ್ಲೇ ಬಿಟ್ಟು ಮಟಕಿಗೆ ಹೋಗುವ ಜೀಪಿನ ಕಡೆ ನಡೆದಳು. ಅದನ್ನು ನಾನು ಎತ್ತಿಕೊಂಡೆ.