ಆಸರಿಗೆ ಕೊಟ್ಟ ಮೇಜು

ಮೊನ್ನೆ ಶಿರಸಿಯ ಹೊಸ ಕೆಫೆಯೊಂದರಲ್ಲಿ ಕೂತು ಅರ್ಧಕ್ಕೆ ನಿಂತ ಲೇಖನವೊಂದನ್ನು ಮುಗಿಸಲು ಒದ್ದಾಡುತ್ತಿದ್ದೆ. ಪ್ಯಾನ್‌ಕೇಕ್ ಎಂಬ ಹೆಸರಿನ ದಪ್ಪ ಗೋಧಿ ದೋಸೆಯ ಪಕ್ಕದಲ್ಲಿ ಒಂದು ಪುಟ್ಟ ಗಾಜಿನ ಕುಡಿಕೆ ತಂದಿಟ್ಟರು. ಅದರೊಳಗಿನ ಕಂದು ಪಾಕಕ್ಕೆ ಮೆನುವಿನಲ್ಲಿ ಏನೋ ಬಣ್ಣದ ಹೆಸರಿತ್ತು. ಮೂಗಿಗೆ ಹತ್ತಿರ ಹಿಡಿದೆ. ಸ್ವಲ್ಪ ಹೊಗೆ, ಸ್ವಲ್ಪ ಹಸಿ ಕಬ್ಬು... ಜೋನಿ ಬೆಲ್ಲ! ಈ ಕಡೆಯ ಆಲೆಮನೆಗಳಲ್ಲಿ ಗಟ್ಟಿಯಾಗುವ ಮುಂಚೆಯೇ ಒಲೆಯಿಂದ ಇಳಿಸಿ ಡಬ್ಬಕ್ಕೆ ತುಂಬುವ ನೀರಾದ ಬೆಲ್ಲ. ಹೆಸರು ಏನಾದರೂ ಇಟ್ಟುಕೊಳ್ಳಲಿ, ವಾಸನೆ ಬದಲಿಸಲು ಯಾರಿಂದ ಆಗುತ್ತದೆ? ಆ ವಾಸನೆಯ ಹಿಂದೆಯೇ ಸಿದ್ದಾಪುರದ ಹೋಟೆಲ್ಲಿನ ಅಕ್ಕ ನೆನಪಿಗೆ ಬಂದರು.

ಆಗ ನಾನು ಒಂದು ಖಾಸಗಿ ಕಂಪನಿಯ ಕೆಲಸದಲ್ಲಿದ್ದೆ. ಸಹಕಾರಿ ಸೊಸೈಟಿಗಳ ಗುಮಾಸ್ತರಿಗೆ ಕಂಪ್ಯೂಟರ್ ಕಲಿಸುವ ಕೆಲಸ. ಹಾನಗಲ್ಲಿನ ಹುಡುಗಿ, ಶಿರಸಿಯಲ್ಲಿ ಬಾಡಿಗೆ ಕೋಣೆ, ಒಂದು ದಿನ ಸಿದ್ದಾಪುರ, ಮತ್ತೊಂದು ದಿನ ಯಲ್ಲಾಪುರ. ಅದು ಹೊಟ್ಟೆಪಾಡು. ಮನಸ್ಸು ಇದ್ದದ್ದು ಇತಿಹಾಸ ಉಪನ್ಯಾಸಕರ ಪರೀಕ್ಷೆಯ ಮೇಲೆ. ಅದು ಅದಾಗಲೇ ನನ್ನನ್ನು ಎರಡು ಸಲ ಹೊರಗೆ ಹಾಕಿತ್ತು. ಇನ್ನೊಂದು ಸಲ ಕೂಡುತ್ತೇನೆ, ಆಗದಿದ್ದರೆ ಪುಸ್ತಕ ಕಟ್ಟಿ ಅಟ್ಟಕ್ಕೆ ಹಾಕುತ್ತೇನೆ ಎಂದು ಮನೆಯಲ್ಲಿ ಹೇಳಿ ಬಂದಿದ್ದೆ. ಹೇಳುವಾಗ ಧೈರ್ಯವಾಗಿಯೇ ಹೇಳಿದ್ದೆ, ಆಮೇಲೆ ಆ ಮಾತು ನೆನಪಾದಾಗಲೆಲ್ಲ ಪುಸ್ತಕ ಬಿಡಿಸುತ್ತಿದ್ದೆ.

ಕೋಣೆಯಲ್ಲಿ ಓದೋಣವೆಂದರೆ ಜೊತೆಯವರ ಧಾರಾವಾಹಿಗಳು. ಓದಲು ಸಿಗುತ್ತಿದ್ದದ್ದು ಊರೂರಿನಲ್ಲಿ ಬಸ್ಸಿಳಿದ ಮೇಲೆ ಸೊಸೈಟಿಯ ಬಾಗಿಲು ತೆಗೆಯುವವರೆಗಿನ ಹೊತ್ತು, ಮತ್ತೆ ಮಧ್ಯಾಹ್ನ ಅವರೆಲ್ಲ ಊಟಕ್ಕೆ ಮನೆಗೆ ಹೋದಾಗಿನ ದೀರ್ಘ ಬಿಡುವು. ಆ ಹೊತ್ತಿನಲ್ಲಿ ಒಬ್ಬ ಹೆಂಗಸು ಪುಸ್ತಕ ಬಿಡಿಸಿಕೊಂಡು ಎಲ್ಲಿ ಕೂರಬೇಕು? ಬಸ್‌ಸ್ಟ್ಯಾಂಡಿನ ಬೆಂಚಿನಲ್ಲಿ ಕೂತರೆ ನಾಲ್ಕು ಜನ ಬಂದು ಯಾವ ಬಸ್ಸಿಗೆ ಕಾಯುತ್ತಿದ್ದೀರಿ ಎಂದು ಕೇಳುತ್ತಾರೆ. ಯಾವ ಬಸ್ಸಿಗೂ ಇಲ್ಲ ಎಂದರೆ ಐದನೆಯವನು ಬರುತ್ತಾನೆ.

ಹಾಗಾಗಿ ನಾನು ಹೋಟೆಲ್ ಹುಡುಕುವುದರಲ್ಲಿ ಪಳಗಿದೆ. ದೋಸೆ ಹೇಗಿದೆ ಎಂದು ಎಲ್ಲರೂ ನೋಡುತ್ತಾರೆ, ನಾನು ನೋಡುತ್ತಿದ್ದದ್ದು ಕಿಟಕಿ ಎಲ್ಲಿದೆ, ಟೀವಿ ಎಷ್ಟು ದೂರ, ಕೈ ತೊಳೆಯುವ ಜಾಗದ ನೀರು ಯಾವ ಮೇಜಿಗೆ ಹಾರುತ್ತದೆ, ಗಲ್ಲಾದ ಮೇಲೆ ಕೂತವರ ಕಣ್ಣು ಎಂಥದು. ಶಿರಸಿಯ ಒಂದು ಹೋಟೆಲ್ಲಿನಲ್ಲಿ ಬೆಳಕು ಚೆನ್ನಾಗಿತ್ತು, ಆದರೆ ಕಾಫಿ ಲೋಟ ಬರಿದಾಗುವುದನ್ನೇ ಕಾಯುತ್ತ ಒದ್ದೆ ಬಟ್ಟೆ ಹಿಡಿದವರೊಬ್ಬರು ಪಕ್ಕದಲ್ಲೇ ನಿಲ್ಲುತ್ತಿದ್ದರು. ಯಲ್ಲಾಪುರದಲ್ಲಿ ಹೆದ್ದಾರಿಯ ಪಕ್ಕ ಒಂದು ಒಳ್ಳೆಯ ಮೂಲೆ ಸಿಕ್ಕಿತ್ತು. ಲಾರಿ ಹೋದಾಗಲೆಲ್ಲ ಮೇಜು ನಡುಗಿ ನನ್ನ ಅಕ್ಷರ ಡೊಂಕಾಗುತ್ತಿತ್ತು. ಅದನ್ನೂ ಸಹಿಸಿಕೊಂಡೆ. ಕೊನೆಗೆ ಅಲ್ಲಿಗೊಂದು ಟೀವಿ ಬಂತು, ನಾನು ಎದ್ದು ಬಂದೆ.

ಸಿದ್ದಾಪುರದಲ್ಲಿ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅಕ್ಕನ ಹೋಟೆಲ್ ಇತ್ತು. ಹೋಟೆಲ್ ಎಂದರೆ ಅವರ ಮನೆಯ ಮುಂದಿನ ಭಾಗ, ಅಷ್ಟೇ. ಒಳಗೆ ಅಡುಗೆಮನೆ, ಹೊರಗೆ ಕೆಲವು ಮೇಜು, ಮೂಲೆಯ ಮೇಜಿಗೊಂದು ಉದ್ದ ಕಿಟಕಿ. ಟೀವಿ ಇರಲಿಲ್ಲ. ನೋಡಿದ ಕೂಡಲೇ ಇದೇ ನನ್ನ ಜಾಗ ಅನ್ನಿಸಿತು. ಅಕ್ಕನಿಗೆ ಆಗ ಐವತ್ತರ ಮೇಲಿರಬೇಕು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಹಣೆಯ ಬೆವರನ್ನು ತೋಳಿನಲ್ಲೇ ಒರೆಸಿಕೊಳ್ಳುತ್ತ ಬಂದವರು ನನ್ನನ್ನೊಮ್ಮೆ, ನನ್ನ ಪುಸ್ತಕದ ಚೀಲವನ್ನೊಮ್ಮೆ ನೋಡಿ, "ಆಸ್ರಿಗೆ ಬೇಕಾ?" ಎಂದು ಕೇಳಿದರು.

ಕೇಳಿ ಸುಮ್ಮನಾಗದೆ ಒಂದು ಲೋಟ ನೀರು, ಒಂದು ಬಟ್ಟಲಲ್ಲಿ ಜೋನಿ ಬೆಲ್ಲ ಹಿಡಿದೇ ಬಂದಿದ್ದರು. ಕಂಡಕಂಡಲ್ಲಿ ನೀರು ಕುಡಿಯಬೇಡ ಎಂದು ಅವ್ವ ಹೇಳಿ ಕಳಿಸಿದ್ದು ನೆನಪಾಯಿತು. ಜೊತೆಗೆ ಬಿಟ್ಟಿ ತಿಂದೆ ಅಂದುಕೊಂಡಾರು ಎಂಬ ಬಿಗುಮಾನ ಬೇರೆ. "ಬ್ಯಾಡ್ರಿ ಅಕ್ಕಾರ, ನನಗ ಒಂದು ಚಾ ಸಾಕು," ಎಂದೆ.

ಲೋಟ, ಬಟ್ಟಲು ವಾಪಸು ಹೋದವು, ಚಹಾ ಬಂತು. ಚಹಾ ಮುಗಿದ ಕೂಡಲೇ ಅವರು ಮೇಜು ಒರೆಸಿದರು. ಒರೆಸಿ ನಿಂತರು. ನಾನು ಎದ್ದೆ.

ಎರಡನೆಯ ಸಲವೂ ಹಾಗೆಯೇ ಆಯಿತು, ಆಸರಿಗೆ ಕೇಳಲಿಲ್ಲ ಅಷ್ಟೇ. ನಾನೂ ಛಲದವಳು. ಏಳಿಸುವ ಮುಂಚೆ ಇನ್ನೊಂದು ಚಹಾ, ಅದು ಮುಗಿಯುವ ಮುಂಚೆ ಒಂದು ಬನ್ಸ್, ಆಮೇಲೆ ಒಂದು ಕಷಾಯ. ಹೀಗೆ ತಿಂದು ಕುಡಿದೇ ಕುರ್ಚಿ ಉಳಿಸಿಕೊಳ್ಳುವ ಉಪಾಯ ಹೂಡಿದೆ. ಮೌರ್ಯರು ಮುಗಿದು ಗುಪ್ತರು ಬರುವ ಹೊತ್ತಿಗೆ ಹೊಟ್ಟೆ ಕಲ್ಲಾಗಿರುತ್ತಿತ್ತು. ಆ ಶತಮಾನಗಳನ್ನು ಓದಿದ್ದೂ ನೆನಪಿಲ್ಲ, ಎದೆಯುರಿ ಮಾತ್ರ ಚೆನ್ನಾಗಿ ನೆನಪಿದೆ.

ಒಂದು ದಿನ ಸೊಸೈಟಿಯಲ್ಲಿ ಕಲಿಸುತ್ತ ಕಲಿಸುತ್ತ ಹೊಟ್ಟೆ ಹಿಡಿದುಕೊಂಡೆ. ಕಾನಸೂರಿನಿಂದ ಬರುತ್ತಿದ್ದ ಹಿರಿಯ ಗುಮಾಸ್ತರೊಬ್ಬರು ಏನಾಯಿತೆಂದು ವಿಚಾರಿಸಿದರು. ನನ್ನ ಕಥೆ ಕೇಳಿ ಅವರಿಗೆ ನಗು ತಡೆಯಲಾಗಲಿಲ್ಲ.

"ಎಂತ ಮಾಡಿದ್ರಿ ಮೇಡಂ! ಆಸ್ರಿಗೆ ಬೇಡ ಅಂದ್ಬಿಟ್ರಾ?" ಎಂದರು. "ನಮ್ಮ ಬದಿಗೆ ಮನೆಗೆ ಬಂದವ್ರಿಗೆ ಮೊದ್ಲು ಕೇಳೂದೇ ಅದು, ಬಾಯಾರಿಕೆಗೆ ಬೆಲ್ಲ-ನೀರು. ಕುಡಿದ್ರೆ ನೆಂಟ್ರು. ಬೇಡ ಅಂದ್ರೆ ನಿಲ್ಲೂದಿಲ್ಲ, ಹೊರಟೆ ಅಂತ ಅರ್ಥ. ಅವರು ನಿಮ್ಮನ್ನ ಗಿರಾಕಿ ಅಂತ ಮಾಡ್ಕೊಂಡ್ರು. ಗಿರಾಕಿ ತಿಂದ ಮೇಲೆ ಏಳ್ಬೇಕಪ್ಪ."

ಅಯ್ಯೋ ಎನ್ನಿಸಿತು. ಅಷ್ಟು ದಿನ ಅಕ್ಕನನ್ನು ಜಿಪುಣಿ, ಮೇಜು ಒರೆಸುವ ಮಾರಿ ಎಂದು ಮನಸ್ಸಿನಲ್ಲೇ ಬೈದುಕೊಂಡಿದ್ದೆ. ಅವರ ಪ್ರಕಾರ ಬಾಗಿಲು ಹಾಕಿಕೊಂಡವಳು ನಾನು. "ಊರಿಗೆ ಬಂದವಳು ನೀರಿಗೆ ಬರದೇ ಇರ್ತಾಳಾ ಅಂತಾರೆ, ನೀವು ನೀರೇ ಬೇಡ ಅಂದ್ರಿ," ಎಂದು ಗುಮಾಸ್ತರು ಇನ್ನಷ್ಟು ರೇಗಿಸಿದರು.

ಮುಂದಿನ ಸಲ ಹೋದವಳು ಮೂಲೆಯ ಮೇಜಿನಲ್ಲಿ ಕೂತು ಚಹಾ ಹೇಳಲಿಲ್ಲ. ಅಕ್ಕ ಬಂದು ನಿಂತಾಗ, ನಾಚಿಕೆಯಿಂದಲೇ, "ಅಕ್ಕಾರ, ಆಸರಿಗಿ ಕೊಡ್ತೀರೇನ್ರಿ?" ಎಂದು ಕೇಳಿದೆ. ಅವರ ಮುಖದಲ್ಲಿ ಮೊದಲು ಏನೂ ಕಾಣಲಿಲ್ಲ. ಆಮೇಲೆ ಕಣ್ಣಿನ ಪಕ್ಕದಲ್ಲಿ ಒಂದು ನಗು ಮೂಡಿತು.

"ಅಂತೂ ಬಾಯಾರಿತಲೀ ನಿಂಗೆ!" ಎಂದು ಒಳಗೆ ಹೋದರು.

ಬೆಲ್ಲವನ್ನು ಬೆರಳಿನಲ್ಲಿ ನೆಕ್ಕಿ ನೀರು ಕುಡಿದೆ. ಬಾವಿಯ ನೀರು, ತಣ್ಣಗಿತ್ತು. ಅವತ್ತು ಮಧ್ಯಾಹ್ನ ಸೊಸೈಟಿಗೆ ಹೊತ್ತಾಗುವವರೆಗೂ ಓದಿದೆ. ಯಾರೂ ಮೇಜು ಒರೆಸಲು ಬರಲಿಲ್ಲ. ಊಟದ ಹೊತ್ತಿಗೆ ಕರೆಯದೆಯೇ ಅನ್ನ, ತಂಬುಳಿ ಬಂತು. ಅದರ ದುಡ್ಡು ಮಾತ್ರ ತೆಗೆದುಕೊಂಡರು, ಹೋಟೆಲ್ ನಡೆಯಬೇಕಲ್ಲ. ಆದರೆ ಕೂತಿದ್ದಕ್ಕೆಂದು ಒಂದು ಚಹಾವನ್ನೂ ನನಗೆ ಕುಡಿಸಲಿಲ್ಲ. "ಬೇಕಾದ್ರೆ ಕುಡಿ, ಕೂಪಲೆ ಕುಡಿಯಡ," ಎಂದಿದ್ದರು, ಕೂರುವುದಕ್ಕಾಗಿ ಕುಡಿಯಬೇಡ ಎಂದು.

ಅಲ್ಲಿಂದ ಮುಂದೆ ನಾನು ಬಂದ ಕೂಡಲೇ ಲೋಟ ಮತ್ತು ಬಟ್ಟಲು ಮೇಜಿಗೆ ಬರುತ್ತಿದ್ದವು, ಖಾಲಿಯಾದ ಮೇಲೂ ಅವರು ಅವನ್ನು ಎತ್ತುತ್ತಿರಲಿಲ್ಲ. ಯಾಕೆಂದು ತಿಳಿದದ್ದು ಒಂದು ಸಂತೆಯ ದಿನ. ಪರೀಕ್ಷೆಗೆ ಸ್ವಲ್ಪವೇ ದಿನ ಉಳಿದಿತ್ತು. ಹೋಟೆಲ್ಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ದೊಡ್ಮನೆ ಕಡೆಯ ಯಜಮಾನರೊಬ್ಬರು, ಹೆಗಲ ಮೇಲೆ ಶಾಲು, ಹಸಿದ ಸಿಟ್ಟು, ನನ್ನ ಮೇಜಿನ ಮುಂದೆ ಬಂದು ನಿಂತರು.

"ಇದೆಂತ ಹೋಟ್ಲನ, ಶಾಲೆಯನ?" ಎಂದು ಎಲ್ಲರಿಗೂ ಕೇಳುವಂತೆ ಕೇಳಿದರು. "ಉಂಬವ್ರು ನಿಂತ್ಕಂಡಿದ್ದ, ಓದವ್ರು ಕೂತ್ಕಂಡಿದ್ದ!"

ಎಲ್ಲರೂ ತಿರುಗಿ ನೋಡಿದರು. ನನ್ನ ಕಿವಿ ಬಿಸಿಯಾಯಿತು. ಇಷ್ಟು ದಿನ ನಡೆದದ್ದೇ ಹೆಚ್ಚು, ಇವತ್ತಿಗೆ ಮುಗಿಯಿತು, ಇನ್ನು ಓದುವುದೆಲ್ಲಿ ಎಂದುಕೊಳ್ಳುತ್ತ ಪುಸ್ತಕಗಳನ್ನು ಚೀಲಕ್ಕೆ ತುರುಕತೊಡಗಿದೆ. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದ ಅಕ್ಕ ಕಾಣಿಸಿಕೊಂಡರು.

"ಕೂಸೇ, ಏಳಡ," ಎಂದರು ನನಗೆ. ಆಮೇಲೆ ಯಜಮಾನರ ಕಡೆ ತಿರುಗಿ, ದನಿ ಏರಿಸದೆ, "ಅಲ್ಲಿ ಆಸ್ರಿಗೆ ಕೊಟ್ಟಾತು," ಎಂದರು.

ಅಷ್ಟೇ ಮಾತು. ಯಜಮಾನರು ಮೇಜಿನ ಮೇಲಿನ ಖಾಲಿ ಲೋಟ ನೋಡಿದರು, ಬೆಲ್ಲ ಅಂಟಿದ ಬಟ್ಟಲು ನೋಡಿದರು. ಒಲೆಗೆ ನೀರು ಸುರಿದಂತೆ ಅವರ ಸಿಟ್ಟು ಇಳಿಯಿತು. "ಹೌದನ? ಮೊದ್ಲೇ ಹೇಳೂಲಾಗ್ತಿತ್ತಿಲ್ಯ! ಹಂಗಾರೆ ಅಡ್ಡಿಲ್ಲೆ," ಎನ್ನುತ್ತ ಶಾಲು ಸರಿಪಡಿಸಿಕೊಂಡು ಹೊರಗಿನ ಜಗುಲಿಗೆ ಹೋಗಿ, ಬಾಳೆಲೆ ಹಾಸಿಸಿಕೊಂಡು ಅಲ್ಲೇ ಊಟ ಮಾಡಿದರು. ಉಂಡೆದ್ದವರು ಎಲೆಯಡಿಕೆ ಹಾಕಿಕೊಳ್ಳುತ್ತ ಕಿಟಕಿಯಿಂದ ಬಗ್ಗಿ, "ಎಂತ ಓದ್ತೆ ತಂಗಿ?" ಎಂದು ಕೇಳಿದರು. ಇತಿಹಾಸ ಎಂದೆ. "ಸೋಂದೆ ಅರಸರ ಬಗ್ಗೆ ಇದ್ದನ ಅದ್ರಲ್ಲಿ?" ಎಂದರು. ಪಠ್ಯದಲ್ಲಿ ಇಲ್ಲ ಎಂದೆ. "ಹಂಗಾರೆ ಅದೆಂತ ಇತಿಹಾಸ!" ಎಂದು ಬೇಜಾರು ಮಾಡಿಕೊಂಡು ಹೊರಟರು.

ನಾನು ನಕ್ಕೆ. ನಗುತ್ತಲೇ ಕಣ್ಣೊರೆಸಿಕೊಂಡೆ. ಅಕ್ಕ ನೋಡಿಯೂ ನೋಡದವರಂತೆ ಒಳಗೆ ಹೋದರು. ಅವರು ಎಷ್ಟು ಓದಿದ್ದರು, ಓದುವ ಆಸೆ ಅವರಿಗೂ ಇತ್ತೇ, ಯಾವುದೂ ನನಗೆ ಗೊತ್ತಿಲ್ಲ. ಕೇಳಬೇಕೆಂದು ಆಗ ಹೊಳೆಯಲಿಲ್ಲ. ಅವರೂ ನನ್ನ ಪರೀಕ್ಷೆ ಯಾವುದು, ಪಾಸಾದರೆ ಎಷ್ಟು ಸಂಬಳ ಎಂದು ಒಮ್ಮೆಯೂ ಕೇಳಿದವರಲ್ಲ...

ಪಾಸಾದೆ. ಸುದ್ದಿ ಬಂದ ವಾರವೇ ಪೇಡೆ ಕಟ್ಟಿಸಿಕೊಂಡು ಸಿದ್ದಾಪುರಕ್ಕೆ ಓಡಿದೆ. ಬಾಗಿಲಲ್ಲೇ ಬಾಯಿ ತೆರೆದವಳನ್ನು ಅಕ್ಕ ಕೈ ಎತ್ತಿ ತಡೆದರು. "ಮೊದ್ಲು ಆಸ್ರಿಗೆ. ಸುದ್ದಿ ಆಮೇಲೆ." ನನ್ನ ಮುಖ ನೋಡಿದರೆ ಕುರುಡರಿಗೂ ತಿಳಿಯುತ್ತಿತ್ತು, ಆದರೂ ನೀರು ಕುಡಿದು ಮುಗಿಸುವವರೆಗೆ ಅವರು ಕೇಳಲಿಲ್ಲ. ಆಮೇಲೆ ಪೇಡೆಯನ್ನು ಅರ್ಧ ಮುರಿದು ನನ್ನ ಬಾಯಿಗೇ ಹಾಕಿ, ಉಳಿದರ್ಧವನ್ನು ತಾವು ತಿಂದರು.

ಕೆಲಸ ಬಯಲುಸೀಮೆಯ ಕಡೆ ಸಿಕ್ಕಿತು. ಮೊದಮೊದಲು ವರ್ಷಕ್ಕೊಮ್ಮೆ ಹೋಗುತ್ತಿದ್ದೆ, ಆಮೇಲೆ ಮುಂದಿನ ವರ್ಷ, ಅದರ ಮುಂದಿನ ವರ್ಷ ಎಂದು ಆಯಿತು... ಈ ಸಲ ಶಿರಸಿಗೆ ಬರುವ ಮುಂಚೆ ಸಿದ್ದಾಪುರದಲ್ಲಿ ಇಳಿದಿದ್ದೆ. ಓಣಿ ಇದೆ. ಹೋಟೆಲ್ಲಿನ ಜಾಗದಲ್ಲಿ ಮೊಬೈಲ್ ಅಂಗಡಿ ಇದೆ. ಅಕ್ಕ ತೀರಿಕೊಂಡು ಎರಡು ಮಳೆಗಾಲ ಕಳೆಯಿತು ಎಂದು ಅಂಗಡಿಯವರು ಹೇಳಿದರು. ಆ ಉದ್ದ ಕಿಟಕಿಗೆ ಗಾಜು ಹಾಕಿ, ಫೋನಿನ ಕವರುಗಳನ್ನು ತೂಗುಬಿಟ್ಟಿದ್ದಾರೆ. ನಾನು ಒಂದು ಕವರು ಕೊಂಡೆ, ನನ್ನ ಫೋನಿಗೆ ಅದು ಆಗುವುದಿಲ್ಲ.

ಶಿರಸಿಯ ಕೆಫೆಯಲ್ಲಿ ಕುಡಿಕೆ ಮೂಸುತ್ತ ಇದೆಲ್ಲ ನೆನೆಯುತ್ತಿರುವಾಗ ಪಕ್ಕದ ಮೇಜಿನ ಹುಡುಗಿಯ ಮೇಲೆ ಕಣ್ಣು ಹೋಯಿತು. ದಪ್ಪ ಪುಸ್ತಕ, ಬಣ್ಣಬಣ್ಣದ ಗೆರೆ ಎಳೆದ ಹಾಳೆಗಳು, ಯಾವಾಗಲೋ ಮುಗಿದ ಕಾಫಿ. ಬಾಗಿಲಲ್ಲಿ ನಾಲ್ಕು ಜನ ಪ್ರವಾಸಿಗರು ಜಾಗಕ್ಕೆ ಕಾಯುತ್ತಿದ್ದರು. ಕೌಂಟರಿನಲ್ಲಿದ್ದ ಯುವತಿ ಎರಡು ಸಲ ಬಂದು, "ಮತ್ತೇನಾದ್ರೂ ಬೇಕಿತ್ತಾ?" ಎಂದು ಹುಡುಗಿಯನ್ನು ಕೇಳಿ ಹೋದಳು. ಎರಡನೆಯ ಸಲ ಹುಡುಗಿ ಪರ್ಸು ತೆರೆದು, ಒಳಗೆ ನೋಡಿ, ಮುಚ್ಚಿ, ಹಾಳೆಗಳನ್ನು ಜೋಡಿಸತೊಡಗಿದಳು. ಆ ಜೋಡಿಸುವ ಕೈ ನನಗೆ ಗೊತ್ತಿತ್ತು.

ಎದ್ದು ಹೋಗಿ ನನ್ನ ನೀರಿನ ಲೋಟವನ್ನೂ ಜೋನಿ ಬೆಲ್ಲದ ಕುಡಿಕೆಯನ್ನೂ ಅವಳ ಮುಂದಿಟ್ಟೆ. "ನಾನು ಮುಟ್ಟಿಲ್ಲ. ಕುಡಿಯಮ್ಮ," ಎಂದೆ. ಹುಡುಗಿ ಗಾಬರಿಯಿಂದ ನನ್ನ ಮುಖ ನೋಡಿದಳು, ಆಮೇಲೆ ಬೆರಳಿನಲ್ಲಿ ಬೆಲ್ಲ ತೆಗೆದು ಬಾಯಿಗಿಟ್ಟಳು. ಮೂರನೆಯ ಸಲ ಬಂದ ಕೌಂಟರಿನ ಯುವತಿ ಮೇಜು ನೋಡಿ ನಿಂತಳು.

"ಇದೆಂತ ಮೇಡಂ?" ಎಂದು ನನ್ನನ್ನು ಕೇಳಿದಳು.

"ಆಸರಿಗೆ ಕೊಟ್ಟಾಯಿತಮ್ಮ," ಎಂದೆ.

ಅವಳು ಫಕ್ಕನೆ ನಕ್ಕಳು. "ಅಯ್ಯೋ, ಹಂಗಾರೆ ಏಳಿಸೂಲೆ ಬತ್ತಿಲ್ಲೆ!" ಎಂದು ಹುಡುಗಿಯ ಖಾಲಿ ಕಾಫಿ ಲೋಟವನ್ನಷ್ಟೇ ಎತ್ತಿಕೊಂಡಳು. ಹುಡುಗಿಗೆ ಏನೂ ಅರ್ಥವಾಗಲಿಲ್ಲ, ಆದರೆ ಹಾಳೆಗಳು ಮತ್ತೆ ಮೇಜಿನ ಮೇಲೆ ಹರಡಿಕೊಂಡವು.

ಕಾಯುತ್ತಿದ್ದವರಿಗೆ ಜಾಗ ಬೇಕಿತ್ತು. ದುಡ್ಡು ಕೊಟ್ಟು, ನನ್ನ ಮೇಜು ಬಿಟ್ಟುಕೊಟ್ಟು, ಹೊರಗಿನ ಮೆಟ್ಟಿಲ ಮೇಲೆ ಚೀಲವಿಟ್ಟು ಕೂತೆ. ನನಗೆ ಆಸರಿಗೆ ಕೊಟ್ಟು, ಏಳಬೇಡ ಎನ್ನುವವರು ಈಗ ಇಲ್ಲವಲ್ಲ ಎಂದು ಹೊಳೆದಾಗ ಅವರು ಹೋದದ್ದು ನಿಜವಾಗಿ ತಿಳಿಯಿತು. ಮೊಬೈಲ್ ಅಂಗಡಿಯ ಮುಂದೆ ಬರದಿದ್ದ ಅಳು ಆಗ ಬಂತು.

"ಮೇಡಂ, ಅಲ್ಲೇ ಕೂತ್ಕಳಿ, ಏಳಡಿ." ಹಿಂದಿನಿಂದ ಕೌಂಟರಿನ ಯುವತಿಯ ದನಿ. "ನಿಮಗೂ ತರ್ತೆ."

ತಂದಿಟ್ಟಳು. ಸ್ಟೀಲಿನ ಲೋಟದಲ್ಲಿ ನೀರು, ಪಕ್ಕದಲ್ಲಿ ಬೆಲ್ಲದ ಕುಡಿಕೆ. ಕುಡಿದು, ಹಳೆಯ ಲೇಖನವನ್ನು ಬದಿಗಿಟ್ಟು, ಇದನ್ನು ಬರೆಯಲು ಕೂತೆ.