ತಮ್ಮ ಹೆತ್ತ ಎಂಟು ಮರಿಗಳು

ಬೀದಿಯವರಿಗೆಲ್ಲ ಅವಳು ಹಾಸಿಗೆಯಕ್ಕ. ಹತ್ತಿ ತುಂಬಿ, ಅಂಚು ಹೊಲಿದು, ಉದ್ದನೆಯ ಸೂಜಿಯಿಂದ ಅಲ್ಲಲ್ಲಿ ಗಂಟು ಹಾಕುವ ಕೆಲಸದಲ್ಲಿ ಮೂವತ್ತೆರಡು ವರ್ಷ ಕಳೆದಿದ್ದಾಳೆ. ಯಾರ ಬೆನ್ನು ಎಲ್ಲಿ ನೋಯುತ್ತದೆ, ಯಾವ ಗಂಡ ಹೆಂಡತಿ ಮುನಿಸಿಕೊಂಡು ಎರಡು ಅಂಚಿಗೆ ಮಲಗುತ್ತಾರೆ ಎಂಬುದನ್ನೆಲ್ಲ ರಿಪೇರಿಗೆ ಬಂದ ಹಾಸಿಗೆಯ ತಗ್ಗು ನೋಡಿಯೇ ಹೇಳಬಲ್ಲಳು. ಹೇಳಿಯೂ ಬಿಡುತ್ತಾಳೆ, ಅದೇ ತೊಂದರೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂದು ಯಾರಾದರೂ ಅವಳೆದುರು ಅಂದರೆ ಮುಗಿಯಿತು.

"ಅದು ಯಾರೋ ಸೋಮಾರಿ ಹಾಸಿಗೆಯವನು ಹುಟ್ಟಿಸಿದ ಗಾದೆ. ನೀವು ಕಾಲು ಚಾಚಿ, ನಾನು ಅಳತೆ ತಗೋತೀನಿ."

ಅವಳ ಗಂಡ ಬಸ್ಸಿನ ಡ್ರೈವರಾಗಿದ್ದವನು. ನಿವೃತ್ತಿಯಾದ ಮೇಲೆ ನಾಲ್ಕು ತಿಂಗಳು ಕಿಟಕಿಯ ಪಕ್ಕದ ಕುರ್ಚಿಯಲ್ಲಿ, ಸಿಗ್ನಲ್ ಬೀಳಲೆಂದು ಕಾಯುವವನ ಹಾಗೆ, ಮಾತಿಲ್ಲದೆ ಕೂತಿದ್ದ. ಒಂದು ದಿನ ಇದ್ದಕ್ಕಿದ್ದಂತೆ ಎದ್ದು ಹೋಗಿ ಎರಡು ಬಿಳಿ ಮೊಲ ತಂದ. ಎರಡೂ ಗಂಡು, ಮಾರಿದವನೇ ಗ್ಯಾರಂಟಿ ಕೊಟ್ಟಿದ್ದಾನೆ ಅಂದ. ದೊಡ್ಡದಕ್ಕೆ ಅಣ್ಣ, ಚಿಕ್ಕದಕ್ಕೆ ತಮ್ಮ ಎಂದು ಹೆಸರಿಟ್ಟ. ಹತ್ತಿಯಿರುವ ಮನೆಗೆ ಕೂದಲು ಉದುರಿಸುವ ಪ್ರಾಣಿ ತರುವವರುಂಟೇ ಎಂದು ಹಾಸಿಗೆಯಕ್ಕ ಬಾಯಿ ತುಂಬ ಬೈದಳು. ಆದರೆ ಮರುದಿನದಿಂದ ಗಂಡ ಎದ್ದವನೇ ಮೊಲಗಳ ಜೊತೆ ಮಾತಾಡತೊಡಗಿದ. ವಾರ ಕಳೆಯುವಷ್ಟರಲ್ಲಿ ಅವಳ ಜೊತೆಗೂ. ಅವಳು ಬೈಯುವುದನ್ನೇನೂ ನಿಲ್ಲಿಸಲಿಲ್ಲ, ದನಿಯನ್ನು ಮಾತ್ರ ತಗ್ಗಿಸಿದಳು.

ಅವನು ತನ್ನ ಅಕ್ಕನನ್ನು ನೋಡಿಕೊಂಡು ಬರಲು ಊರಿಗೆ ಹೋಗಿದ್ದಾಗ ಮೊಲಗಳ ಉಸ್ತುವಾರಿ ಇವಳ ತಲೆಗೆ ಬಿತ್ತು. ಬೆಳಿಗ್ಗೆ ನೀರು ಇಡಲು ಹಿತ್ತಿಲ ಗೂಡಿನ ಬಾಗಿಲು ತೆಗೆದರೆ, ಮೂಲೆಯ ಮರದ ಪೆಟ್ಟಿಗೆಯಲ್ಲಿ ಬಿಳಿ ಕೂದಲಿನ ರಾಶಿ. ತಮ್ಮನ ಹೊಟ್ಟೆ ನೋಡಿದರೆ ಅಲ್ಲಲ್ಲಿ ಬೋಳು. ಯಾವುದೋ ರೋಗ ಅಂಟಿಕೊಂಡಿದೆ ಎಂದುಕೊಂಡು ರಾಶಿಗೆ ಕೈ ಹಾಕಿದಳು. ರಾಶಿ ಮಿಸುಕಿತು!

ಬೆರಳುದ್ದದ, ಬರಿಮೈಯ, ಕಣ್ಣು ಬಿಡದ ಮರಿಗಳು. ಎರಡು ಸಲ ಎಣಿಸಿದಳು. ಎಂಟು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಇವು ಹೆಗ್ಗಣಕ್ಕಿಂತ ಒಂದು ಗುಂಜಿಯೂ ಚೆಂದವಿರಲಿಲ್ಲ. ಆದರೂ ಅವಳ ಮುಖ ತಾನಾಗಿಯೇ ಅರಳಿತು. ತಕ್ಷಣ ಫೋನು ಮಾಡಿದಳು.

"ರೀ, ನಿಮ್ಮ ತಮ್ಮ ಹೆತ್ತಿದ್ದಾನೆ. ಎಂಟು!"

ಆ ಕಡೆ ನಗು ಶುರುವಾಯಿತು, ನಿಲ್ಲಲೇ ಇಲ್ಲ. ಅವನು ಹಾಗೆ ನಕ್ಕು ವರ್ಷವಾಗಿತ್ತು.

"ನಾಳೆ ಮೊದಲ ಬಸ್ಸಿಗೇ ಬಂದ್ಬಿಡ್ತೀನಿ ಕಣೇ. ಅಲ್ಲೀವರೆಗೂ ಒಂದಕ್ಕೂ ಏನೂ ಆಗದ ಹಾಗೆ ನೋಡ್ಕೋ. ನಿನ್ನ ಕೈಗೇ ಬಿಟ್ಟಿದ್ದೀನಿ."

ಕೈಗೆ ಬಿಟ್ಟ ಮೇಲೆ ಕೈ ಸುಮ್ಮನಿರುತ್ತದೆಯೇ? ಬಾಣಂತಿಯೂ ಮಕ್ಕಳೂ ಈ ಉದುರು ಕೂದಲಿನ ಮೇಲೆ ಮಲಗುವುದೆಂದರೇನು, ಅದೂ ಹಾಸಿಗೆಯಕ್ಕನ ಮನೆಯಲ್ಲಿ! ಕೂದಲನ್ನೆಲ್ಲ ಬಾಚಿ, ಅಂಗಡಿಯ ಕಸದ ಹತ್ತಿ, ದಾರದ ತುಂಡು ತುಂಬಿದ್ದ ಚೀಲಕ್ಕೆ ತುರುಕಿದಳು. ಮದುವೆಯ ಹಾಸಿಗೆಗಳಿಗೆಂದು ಎತ್ತಿಟ್ಟಿದ್ದ ಹತ್ತಿಯನ್ನು ಕೈಯಾರೆ ಬಿಡಿಸಿ, ಪೆಟ್ಟಿಗೆಗೆ ಹಾಸಿ, ನಡುವೆ ತಗ್ಗು ಮಾಡಿ ಮರಿಗಳನ್ನು ಮಲಗಿಸಿದಳು. ತಮ್ಮ ಬಂದು ಮೂಸಿ, ಹಿಂಗಾಲು ಕುಟ್ಟಿ, ಬೆನ್ನು ತಿರುಗಿಸಿ ಕೂತಿತು. ಗಿರಾಕಿಗಳಲ್ಲೂ ಇಂಥವರಿರುತ್ತಾರೆ, ಒಳ್ಳೆಯದು ಕೊಟ್ಟರೆ ಗೊತ್ತಾಗುವುದಿಲ್ಲ ಎಂದುಕೊಂಡು ಮನೆಯ ಮುಂಭಾಗದ ಅಂಗಡಿಗೆ ಹೋದಳು.

ಸಂಜೆ ಐದಕ್ಕೆ ಬಂದು ನೋಡಿದರೆ ಮರಿಗಳು ಚದುರಿ ಬಿದ್ದಿದ್ದವು. ಹತ್ತಿಯ ಎಳೆಗಳು ಕಾಲಿಗೆ, ಕತ್ತಿಗೆ ಸುತ್ತಿಕೊಂಡಿದ್ದವು. ಎಲ್ಲಕ್ಕಿಂತ ಸಣ್ಣದೊಂದು, ಎತ್ತಿಕೊಂಡರೆ ಕೈಯಲ್ಲಿ ತಣ್ಣಗೆ, ಅಲುಗದೆ ಮಲಗಿತ್ತು. ಅವಳು ಪಶುವೈದ್ಯೆಗೆ ಫೋನು ಮಾಡಿದಳು. ಹಿಂದಿನ ವರ್ಷ ಆಕೆಗೆ ಹಾಸಿಗೆ ಹೊಲಿದುಕೊಟ್ಟವಳು ಇವಳೇ.

"ಅಯ್ಯೋ, ಹತ್ತಿ ಯಾಕೆ ಹಾಕಿದ್ರಿ?" ಅಂದರು ವೈದ್ಯೆ.

"ನನ್ನ ಹತ್ರ ಇರೋದ್ರಲ್ಲೇ ಒಳ್ಳೇದು, ಡಾಕ್ಟ್ರೇ."

"ಚಿನ್ನದ ಸೂಜಿ ಅಂತ ಕಣ್ಣು ಚುಚ್ಕೊಳ್ಳೋಕಾಗತ್ತಾ? ಅದು ತಾಯಿ ತನ್ನ ಮೈಯಿಂದ ಕಿತ್ತು ಮಾಡಿದ ಹಾಸಿಗೆ. ಅದನ್ನೇ ಹಾಕಿ. ತಣ್ಣಗಿರೋ ಮರೀನ ಕೈಯಲ್ಲೇ ಬೆಚ್ಚಗೆ ಮಾಡಿ ಆಮೇಲೆ ಸೇರಿಸಿ. ಹಾಲು ಕೊಡೋದು ದಿನಕ್ಕೆ ಒಂದೋ ಎರಡೋ ಸಲ, ಅದೂ ಐದೇ ನಿಮಿಷ. ಬೆಳಿಗ್ಗೆ ಹೊಟ್ಟೆ ನೋಡಿ. ದುಂಡಗಿದ್ರೆ ಬದುಕಿದ ಹಾಗೆ. ಹಾಂ, ಅಪ್ಪನ್ನ ಈಗಲೇ ಬೇರೆ ಇಡಿ, ಇಲ್ಲಾಂದ್ರೆ ಮುಂದಿನ ತಿಂಗಳು ಇನ್ನೊಂದು ಎಂಟು!"

ಅಣ್ಣನನ್ನು ಬಟ್ಟೆ ಬುಟ್ಟಿಗೆ ವರ್ಗಾಯಿಸಿದ್ದಾಯಿತು. ಸಣ್ಣ ಕತ್ತರಿಯಿಂದ ಒಂದೊಂದೇ ಎಳೆ ಕತ್ತರಿಸಿ ಎಂಟು ಮರಿಗಳನ್ನೂ ಬಿಡಿಸಿದಳು. ಏಳನ್ನು ಬಿಸಿನೀರಿನ ಬಾಟಲಿಯ ಪಕ್ಕ ಬಟ್ಟೆಯಲ್ಲಿಟ್ಟು, ಎಂಟನೆಯದನ್ನು ಕುಪ್ಪಸದೊಳಗೆ ಎದೆಗೆ ಒತ್ತಿ ಇಟ್ಟುಕೊಂಡಳು. ಆಮೇಲೆ ಕಸದ ಚೀಲವನ್ನು ನೆಲಕ್ಕೆ ಸುರಿದು ಕೂತಳು. ಹತ್ತಿಯಲ್ಲಿ ಸೇರಿದ ಕೂದಲನ್ನು ಮೂವತ್ತೆರಡು ವರ್ಷ ಹೆಕ್ಕಿ ಎಸೆದವಳು, ಈಗ ಹತ್ತಿಯನ್ನು ಎಸೆದು ಕೂದಲನ್ನು ಕೂಡಿಸತೊಡಗಿದಳು. ಬಿಳಿಯಲ್ಲಿ ಬಿಳಿ, ಕಣ್ಣಿಗೆ ಕಾಣುವಂಥದ್ದಲ್ಲ. ಬೆರಳಿಗೆ ಮಾತ್ರ ಗೊತ್ತಾಗುತ್ತದೆ. ಹೆಕ್ಕುತ್ತ ಹೆಕ್ಕುತ್ತ ಅವಳಿಗೆ ನಾಚಿಕೆಯಾಯಿತು. ಎಷ್ಟು ಹಗುರ, ಎಷ್ಟು ಬಿಸುಪು! ಇಂಥದ್ದೊಂದನ್ನು ತಾನು ಜನ್ಮದಲ್ಲಿ ಹೊಲಿದಿರಲಿಲ್ಲ.

ಎದೆಯ ಹತ್ತಿರ ಏನೋ ಕಚಗುಳಿಯಿಟ್ಟ ಹಾಗಾಯಿತು. ಎಂಟನೆಯದು ಕಾಲಾಡಿಸುತ್ತಿತ್ತು. "ಬಾರೋ ನನ್ನಪ್ಪಾ" ಅಂದಳು.

ಹುಲ್ಲು, ಅದರ ಮೇಲೆ ಕೂದಲು, ನಡುವೆ ಮರಿಗಳು, ಮೇಲೆ ಮತ್ತೆ ಕೂದಲು. ತಮ್ಮ ಬಂದು ನೋಡಿತು. ಕೆಲಸ ಅರ್ಧಂಬರ್ಧವೆನಿಸಿತೋ ಏನೋ, ತನ್ನ ಪಕ್ಕೆಯಿಂದ ಇನ್ನೊಂದು ಬಾಯಿ ಕೂದಲು ಕಿತ್ತು ಮೇಲೆ ಹೊದಿಸಿತು. ಹಾಸಿಗೆಯಕ್ಕ ಈ ಸಲ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತಳು.

ಬೆಳಿಗ್ಗೆ ಗಂಡ ಚೀಲವನ್ನೂ ಕೆಳಗಿಡದೆ ಹಿತ್ತಿಲಿಗೆ ಬಂದ. ಅವಳು ಪೆಟ್ಟಿಗೆಗೆ ಅಡ್ಡ ನಿಂತಳು.

"ಮೊದಲು ಕೇಳಿ. ನಾನು ಬುದ್ಧಿವಂತಿಕೆ ಮಾಡೋಕೆ ಹೋಗಿ ಒಂದನ್ನ ಕೊಂದೇ ಬಿಡ್ತಿದ್ದೆ. ಉಳಿದಿದೆಯೋ ಇಲ್ವೋ ಗೊತ್ತಿಲ್ಲ. ನೋಡೋಕೆ ಧೈರ್ಯ ಬರ್ಲಿಲ್ಲ."

ಮೂವತ್ತು ವರ್ಷದ ಸಂಸಾರದಲ್ಲಿ ಅವಳ ಬಾಯಿಂದ ತಪ್ಪೊಪ್ಪಿಗೆ ಕೇಳಿದ್ದು ಅದೇ ಮೊದಲು. ಅವನು ನಗಲಿಲ್ಲ. "ಇಬ್ರೂ ನೋಡೋಣ ಬಾ" ಅಂದ.

ಅವನು ಕೂದಲು ಸರಿಸಿದ. ಅವಳು ಒಂದೊಂದನ್ನೇ ಎತ್ತಿ ಹೊಟ್ಟೆ ನೋಡಿದಳು. ಒಂದು, ದುಂಡಗೆ. ಎರಡು, ಮೂರು, ದುಂಡಗೆ. ಏಳಕ್ಕೆ ಕೈ ನಿಂತಿತು. ಸಣ್ಣದು ತಳದಲ್ಲಿ ಅಡಗಿತ್ತು. ಮುಟ್ಟಿದರೆ ಬೆಚ್ಚಗಿತ್ತು. ಅಂಗೈಯಲ್ಲಿ ಅಂಗಾತ ಮಲಗಿಸಿದಳು. ತೆಳು ಚರ್ಮದೊಳಗಿಂದ ಹಾಲಿನ ಬಿಳುಪು ಕಾಣುತ್ತಿತ್ತು, ಹೊಟ್ಟೆ ಬಿರಿಯುವಷ್ಟು ತುಂಬಿತ್ತು.

ಹಾಸಿಗೆಯಕ್ಕ ಮರಿಯನ್ನು ಗಂಡನ ಕೈಗಿತ್ತು, ಕಣ್ಣೊರೆಸಿಕೊಳ್ಳುತ್ತ ಅಂಗಡಿಯ ಬಾಗಿಲಿಗೆ ಓಡಿ, ಬೀದಿಗೆಲ್ಲ ಕೇಳುವಂತೆ ಕೂಗಿದಳು: "ಎಂಟೂ ಕುಡಿದಿವೆ!"

ಎದುರಿನ ಬೇಕರಿಯವನಿಗೆ ತಲೆಬುಡ ಅರ್ಥವಾಗಲಿಲ್ಲ. ಅವಳ ಮುಖ ನೋಡಿ, ಹಿಟ್ಟಿನ ಕೈಗಳಲ್ಲೇ ಚಪ್ಪಾಳೆ ತಟ್ಟಿದ.